ಅಥಣಿಯ ಹುಲಿ, ನಿಪ್ಪಾಣಿಯ ಕಲ್ಲು

ನಾನು ಕೆಲಸ ಮಾಡಿದ್ದು ನಿಪ್ಪಾಣಿಯ ಒಂದು ಹಳೆಯ ವಾಡೆಯಲ್ಲಿ. ಹೊಟ್ಟೆಕಿಚ್ಚು ಪಟ್ಟಿದ್ದು ಅಥಣಿಯ ಒಂದು ಹುಲಿಯ ಮೇಲೆ. ನಿವೃತ್ತಿಯಾಗುವ ತನಕ ಎರಡನ್ನೂ ನಿಷ್ಠೆಯಿಂದ ನಡೆಸಿಕೊಂಡು ಬಂದೆ. ವಸ್ತುಸಂಗ್ರಹಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗ ಆಗಾಗ ಮನೆಗೆ ಬಂದು, "ಕೆಲಸ ಹ್ಯಾಂಗ ಇರತೈತ್ರಿ ಕಾಕಾ?" ಎಂದು ಕೇಳುತ್ತಾರೆ. ಧೂಳು ಒರೆಸುವುದು, ಕೀಲಿ ಹಾಕುವುದು, ಗೋಡೆಯ ಮೇಲೆ ಹೆಸರು ಕೆತ್ತಲು ಬಂದವರ ಕೈಯಿಂದ ಮೊಳೆ ಕಸಿದುಕೊಳ್ಳುವುದು, ಇದನ್ನೆಲ್ಲ ಬೇಗ ಕಲಿಯುತ್ತೀರಿ. ಆದರೆ ನೀವು ಜೀವ ಇಟ್ಟು ಕಾಯುವ ವಸ್ತುವನ್ನು ಯಾರೂ ನೋಡದೆ ಹೋದಾಗ ಒಳಗೆ ಏಳುವ ಉರಿ ಇದೆಯಲ್ಲ, ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಅದಕ್ಕೇ ಅದನ್ನು ಬರೆಯಲು ಕುಳಿತಿದ್ದೇನೆ.

ನನ್ನ ಊರು ಸದಲಗಾ. ನದಿ ದಂಡೆಯ ಹೊಲ, ಹಟ್ಟಿ ತುಂಬ ಎಮ್ಮೆ, ಜೈನ ಒಕ್ಕಲು ಮನೆತನ. ಶಾಲೆ ಕಲಿತಿದ್ದು ಮರಾಠಿಯಲ್ಲಿ, ಕನ್ನಡ ಕಲಿತಿದ್ದು ಅಜ್ಜನಿಂದ. ಅಜ್ಜ ಚಾತುರ್ಮಾಸದಲ್ಲಿ ಬಸದಿಯ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದ. ಒಂದು ಸಾಲು ಓದಿ ಅದಕ್ಕೆ ಅರ್ಥ ಹೇಳುವಾಗ ಊರಿನ ಜಗಳ, ಎಮ್ಮೆಯ ಹಾಲು, ಸೊಸೆಯಂದಿರ ಸಿಟ್ಟು ಎಲ್ಲವೂ ಅದರೊಳಗೆ ಬರುತ್ತಿದ್ದವು. ಕೇಳಲು ಕುಳಿತವರು ಏಳುತ್ತಿರಲಿಲ್ಲ. ಅಜ್ಜನಿಂದ ಕಲಿತ ಆ ಮಾತಿನ ಬಲದ ಮೇಲೆಯೇ ನನಗೆ ಎಂಬತ್ತರ ದಶಕದ ಮೊದಲಿಗೆ ಈ ಕೆಲಸ ಸಿಕ್ಕಿತು.

ನಮ್ಮ ಕಡೆಯ ಇತಿಹಾಸದ ಮೇಲೆ ಪ್ರೀತಿಯಿದ್ದ ಕೆಲವು ಹಿರಿಯರು ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದರು. ಅವರ ಕೈಯಲ್ಲಿ ಎರಡು ವಸ್ತುಸಂಗ್ರಹಾಲಯಗಳಿದ್ದವು. ಒಂದು ನಿಪ್ಪಾಣಿಯಲ್ಲಿ, ತಂಬಾಕಿನ ವ್ಯಾಪಾರಿ ಮನೆತನವೊಂದು ಬಿಟ್ಟುಕೊಟ್ಟ ವಾಡೆಯಲ್ಲಿ. ಇನ್ನೊಂದು ಅಥಣಿಯಲ್ಲಿ, ಇನಾಮದಾರರೊಬ್ಬರ ವಾಡೆಯಲ್ಲಿ. ಅದು ಇನ್ನೂ ಅವರ ಸ್ವಂತದ್ದು, ಮಂಡಳಿಗೆ ಬಾಡಿಗೆಗೆ ಕೊಟ್ಟದ್ದು. ಒಂದೊಂದಕ್ಕೆ ಒಬ್ಬೊಬ್ಬ ಪಾಲಕ. ನಿಪ್ಪಾಣಿಗೆ ನಾನು, ಅಥಣಿಗೆ ದತ್ತೋಬಾ.

ನಮ್ಮ ವಾಡೆ ನೋಡಲು ಯೋಗ್ಯವಾದದ್ದೇ. ಆನೆ ಒಳಗೆ ಬರುವಷ್ಟು ಎತ್ತರದ ಬಾಗಿಲು, ಅದರ ಹಿಂದೆ ಕಾವಲುಗಾರರು ಕೂಡುತ್ತಿದ್ದ ದೇವಡಿ, ನಡುವೆ ಚೌಕ, ಚೌಕದ ಸುತ್ತ ಸಾಗವಾನಿ ಕಂಬಗಳು. ಒಂದು ಕೋಣೆಯಲ್ಲಿ ತಂಬಾಕು ತೂಗುವ ದೊಡ್ಡ ತಕ್ಕಡಿ, ಒಂದರಲ್ಲಿ ಹಿತ್ತಾಳೆ ದೀಪ, ಒಂದರಲ್ಲಿ ಕತ್ತಿ ಗುರಾಣಿ. ಹಿಂದಿನ ಕೋಣೆಯಲ್ಲಿ ಕಲ್ಲುಗಳು. ಆ ಕಲ್ಲುಗಳ ನಡುವೆ ನನ್ನ ಕಲ್ಲು.

ನನ್ನ ಕಲ್ಲು ಎನ್ನುತ್ತೇನೆ, ಏಕೆಂದರೆ ಅದನ್ನು ತಂದವನು ನಾನು. ಉಗಾರ ಬುದ್ರುಕದ ಕಡೆ ಒಂದು ಬಾವಿಯ ಮೆಟ್ಟಿಲಿನಲ್ಲಿ ಅದು ಮಗುಚಿ ಬಿದ್ದಿತ್ತು. ಅದರ ಬೆನ್ನಿನ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಾವಿ ರಿಪೇರಿ ಮಾಡುವಾಗ ತಿರುವಿ ಹಾಕಿದರೆ ಕೆಳಗಿನ ಮುಖದಲ್ಲಿ ಕೆತ್ತನೆ. ಒಬ್ಬ ಹೆಣ್ಣುಮಗಳು ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಕೈಜೋಡಿಸಿ ಕುಳಿತಿದ್ದಾಳೆ. ಎದುರಿಗೆ ಅವಳ ಗುರು. ನಡುವೆ ಪುಸ್ತಕವಿಡುವ ಒಂದು ಸಣ್ಣ ಪೀಠ. ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು, ಶಾಂತವಾಗಿ ದೇಹ ತ್ಯಜಿಸಿದವರ ನೆನಪಿಗೆ ನಿಲ್ಲಿಸುವ ನಿಷಿಧಿ ಕಲ್ಲು ಅದು. ಕೆಳಗೆ ಬರಹವಿತ್ತು, ಸವೆದು ಹೋಗಿತ್ತು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಮುಖ ಮಾತ್ರ, ಮಣ್ಣಿನಲ್ಲಿ ಕೆಳಮುಖವಾಗಿ ಇದ್ದದ್ದಕ್ಕೆ, ನಿನ್ನೆ ಕೆತ್ತಿದಂತೆ ಇತ್ತು.

ನಮ್ಮ ಸಮಾಜದ ಮುದುಕಿಯರು ಪರ್ವದ ದಿನಗಳಲ್ಲಿ ಬಂದು ಕಲ್ಲಿನ ಮುಂದೆ ಅಕ್ಕಿಯ ಸಣ್ಣ ಗುಂಪೆ ಹಾಕಿ ಹೋಗುತ್ತಿದ್ದರು. ಮಂಡಳಿಯ ಕಾರ್ಯದರ್ಶಿ ಕುಲಕರ್ಣಿ ಸಾಹೇಬರು ಅದನ್ನು ಕಂಡು, "ಜಿನ್ನಪ್ಪಾ, ಇದು ಮ್ಯೂಸಿಯಂ ಐತಿ, ಬಸದಿ ಅಲ್ಲ" ಎಂದು ಗದರುತ್ತಿದ್ದರು. ನಾನು ಹೌದ್ರಿ ಎನ್ನುತ್ತಿದ್ದೆ. ಅವರು ಹೋದ ಮೇಲೆ ಅಕ್ಕಿಯನ್ನು ಬಳಿದುಕೊಂಡು ಚೌಕದ ಗುಬ್ಬಿಗಳಿಗೆ ಹಾಕುತ್ತಿದ್ದೆ. ಮುದುಕಿಯರನ್ನು ಮಾತ್ರ ತಡೆಯಲಿಲ್ಲ. ಆ ಕೋಣೆಗೆ ಬರುತ್ತಿದ್ದವರು ಅವರಷ್ಟೇ.

ಉಳಿದವರೆಲ್ಲ ಎಲ್ಲಿಗೆ ಹೋಗುತ್ತಿದ್ದರು? ಅಥಣಿಗೆ. ಅಲ್ಲಿ ಹುಲಿ ಇತ್ತು.

ಇನಾಮದಾರರ ಅಜ್ಜ ಯಾವುದೋ ಕಾಡಿನಲ್ಲಿ ಹೊಡೆದು, ಹುಲ್ಲು ತುಂಬಿಸಿ ತಂದು ನಿಲ್ಲಿಸಿದ ಹುಲಿ. ಬಾಯಿ ತೆರೆದು, ಒಂದು ಕಾಲು ಮುಂದಿಟ್ಟು, ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಬಾಗಿಲು ದಾಟಿದ ಕೂಡಲೇ ಅದು ಮೈಮೇಲೆ ಬಂದಂತೆ ಕಾಣಬೇಕು, ಹಾಗೆ.

ಚಳಿಗಾಲ ಬಂದರೆ ಶಾಲೆಗಳ ಪ್ರವಾಸಗಳು ಶುರುವಾಗುತ್ತಿದ್ದವು. ರಾಯಬಾಗ, ಕಾಗವಾಡ, ಉಗಾರ ಕಡೆಯ ಶಾಲೆಗಳವರು ಪಶ್ಚಿಮಕ್ಕೆ ಹೊರಟರೆ ನಮ್ಮಲ್ಲಿ ನಿಲ್ಲಬೇಕು, ಪೂರ್ವಕ್ಕೆ ಹೊರಟರೆ ಅಥಣಿಯಲ್ಲಿ. ಯಾವ ಕಡೆ ಹೋಗಬೇಕೆಂದು ಮಾಸ್ತರರು ನಿರ್ಧರಿಸುತ್ತಾರೆ ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಬಹಳ ಸಲ ಅದನ್ನು ಹೇಳುತ್ತಿದ್ದವನು ಡ್ರೈವರ್. ಮುಲ್ಲಾ ಎಂಬ ಡ್ರೈವರ್ ಒಬ್ಬನಿದ್ದ, ದೊಡ್ಡ ಮೀಸೆಯವನು, ಪ್ರವಾಸದ ಬಸ್ಸುಗಳೆಂದರೆ ಅವನೇ. ಮೊದಲ ಸಲ ನಮ್ಮ ವಾಡೆಯ ಮುಂದೆ ಬಸ್ಸು ನಿಲ್ಲಿಸಿ, ಕಿಟಕಿಯಿಂದಲೇ ಕೇಳಿದ.

"ಇಲ್ಲೂ ಹುಲಿ ಐತೇನ್ರಿ?"

"ಹುಲಿ ಅಥಣಿಯಾಗ ಐತಿ. ಇಲ್ಲೆ ಕಲ್ಲ ಅದಾವ, ನೋಡುವಂಥಾವು."

"ಕಲ್ಲ ನಮ್ಮ ಹೊಲದಾಗೂ ಅದಾವಲ್ರಿ," ಎಂದು ಅವನು ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಸೀಟಿನಲ್ಲಿ ಮಲಗಿಬಿಟ್ಟ. ಮಕ್ಕಳು ಒಳಗೆ ಬಂದು ಕತ್ತಿ ನೋಡಿದರು, ತಕ್ಕಡಿಯಲ್ಲಿ ಕುಳಿತು ತೂಗಾಡಿದರು, ಹೋದರು. ಕಲ್ಲಿನ ಕೋಣೆಯ ಬಾಗಿಲಲ್ಲಿ ನಾನೊಬ್ಬನೇ ನಿಂತಿದ್ದೆ.

ಆ ವರ್ಷ ಚಿಕ್ಕೋಡಿಯಲ್ಲಿ ಮಂಡಳಿಯ ಸಭೆ ಸೇರಿದಾಗ ಕುಲಕರ್ಣಿ ಸಾಹೇಬರು ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದರು. "ಎರಡೂ ಮನಿ ನಡಸೂದು ಮಂಡಳಿ ಕೈಲೆ ಬಾಳ ದಿನ ಆಗೂದಿಲ್ಲ. ಮಂದಿ ಎಲ್ಲೆ ಬರ್ತಾರೋ ಅದು ಉಳೀತೈತಿ. ಬರದ್ದನ್ನ ಮುಚ್ಚಿ ಸಾಮಾನು ಬೆಳಗಾವಿ ಉಗ್ರಾಣಕ್ಕ ಕಳಸೂದು." ದತ್ತೋಬಾ ನಕ್ಕ. ಅವನು ಕೆಟ್ಟದ್ದಕ್ಕೆ ನಗಲಿಲ್ಲ, ಅವನ ಮುಖವೇ ಹಾಗೆ. ನನ್ನ ಕಣ್ಣ ಮುಂದೆ ಮಾತ್ರ ಉಗ್ರಾಣದ ಕತ್ತಲೆ ಬಂತು. ಅದರ ಮೂಲೆಯಲ್ಲಿ ಗೋಣಿಚೀಲ ಹೊದ್ದ ನನ್ನ ಕಲ್ಲು. ಬಾವಿಯಲ್ಲಿ ಕೆಳಮುಖವಾಗಿ ಮಲಗಿದ್ದವಳನ್ನು ಎಬ್ಬಿಸಿ ತಂದು ಮತ್ತೆ ಕತ್ತಲಿಗೆ ಕಳಿಸುವುದೆಂದರೆ ಏನು? ಮನೆಗೆ ಬಂದು ಊಟ ಬಿಟ್ಟು ಕುಳಿತೆ.

"ಏನಾತ್ರಿ?" ಎಂದಳು ನನ್ನ ಹೆಂಡತಿ ಪದ್ಮಾ.

"ಹುಲಿ."

"ಹುಲಿ ಸತ್ತ ಎಷ್ಟೋ ವರ್ಷ ಆಗ್ಯಾವ. ಇನ್ನೂ ನಿಮ್ಮನ್ನ ತಿನ್ನಾಕತ್ತೈತೇನ?" ಎಂದು ಮಜ್ಜಿಗೆ ತಂದಿಟ್ಟಳು. "ತಗೋರಿ, ಹೊಟ್ಟಿ ತಣ್ಣಗಾಕೈತಿ."

ಹೊಟ್ಟೆ ತಣ್ಣಗಾಗಲಿಲ್ಲ. ಕಾರ್ಯದರ್ಶಿಗಳು ನಮ್ಮ ವಾಡೆಗೆ ತಪಾಸಣೆಗೆ ಬರುವುದಿತ್ತು. ನನ್ನ ಕಲ್ಲು ಹುಲಿಯ ಹಾಗೆ ಕಣ್ಣಿಗೆ ಹೊಡೆಯಬೇಕು, ಹೊಳೆಯಬೇಕು ಎಂದು ತಲೆಯಲ್ಲಿ ಬಂತು. ನಮ್ಮ ಮನೆಗಳಲ್ಲಿ ಕರಿಕಲ್ಲು ಹೊಳೆಯಬೇಕೆಂದರೆ ಎಣ್ಣೆ ಹಚ್ಚುತ್ತೇವೆ. ಹೊಲದ ಲಕ್ಕವ್ವನ ಕಲ್ಲಿಗೂ ಅದೇ, ಬೀಸುವ ಕಲ್ಲಿನ ಗೂಟಕ್ಕೂ ಅದೇ. ಗಾಣದ ಶೇಂಗಾ ಎಣ್ಣೆ ತಂದು ಬಟ್ಟೆಯಿಂದ ತಿಕ್ಕಿ ತಿಕ್ಕಿ ಹಚ್ಚಿದೆ. ಏನು ಹೊಳಪು ಬಂತೆನ್ನುತ್ತೀರಿ, ಅವಳ ರೆಪ್ಪೆಗಳೂ ಕಾಣುವಂತಾದವು. ಮರುದಿನ ಸಾಹೇಬರು ಬರುವ ಹೊತ್ತಿಗೆ ವಾಡೆಯ ಪಕ್ಕದ ಗೋದಾಮಿನಲ್ಲಿ ತಂಬಾಕು ಜಾಡಿಸುತ್ತಿದ್ದ ಧೂಳೆಲ್ಲ ಬಂದು ಕಲ್ಲಿಗೆ ಅಂಟಿತ್ತು. ಅದರ ಮೇಲೆ ಎಣ್ಣೆಯ ವಾಸನೆಗೆ ಕಟ್ಟಿರುವೆ ಸಾಲು. ಗುರುಗಳ ಮೂಗಿನಿಂದ ಹಿಡಿದು ಪುಸ್ತಕಪೀಠದ ತನಕ ಹೋಗಿ ಬರುತ್ತಿದ್ದವು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಜಿನ್ನಪ್ಪಾ, ನಿಮ್ಮ ಧರ್ಮದಾಗ ಇರಿವಿಗೂ ಅನ್ನ ಹಾಕಬೇಕ ಖರೆ. ಆದರ ಹನ್ನೆರಡನೇ ಶತಮಾನದ ಕಲ್ಲಿನ ಮ್ಯಾಲೆ ಬಡಸಬೇಕಂತ ಎಲ್ಲೆ ಬರದೈತೋ?"

ಆ ಎಣ್ಣೆ ತೆಗೆಯಲು ನಾನು ಪಟ್ಟ ಪಾಡು ಹೇಳತೀರದು. ಸೀಗೆಕಾಯಿ ಹಚ್ಚಬೇಡ, ಹುಣಸೆಹಣ್ಣು ಹಚ್ಚಬೇಡ, ಬ್ರಶ್ಶಿನಿಂದ ತಿಕ್ಕಬೇಡ ಎಂದು ಸಾಹೇಬರ ಕಟ್ಟಪ್ಪಣೆ. ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮೆಲ್ಲಗೆ ಒತ್ತಿ ತೆಗೆಯಬೇಕು. ಮಳೆಗಾಲ ಮುಗಿಯುವ ತನಕ ಅದನ್ನೇ ಮಾಡಿದೆ. ಹೊಸಬರಿಗೆ ಇಷ್ಟೇ ಹೇಳುತ್ತೇನೆ: ಮನೆಯಲ್ಲಿ ಪ್ರೀತಿಯಿಂದ ಮಾಡುವುದನ್ನೆಲ್ಲ ವಸ್ತುಸಂಗ್ರಹಾಲಯದಲ್ಲಿ ಮಾಡಬೇಡಿ. ಆ ಕೆಲಸದಿಂದ ಒಂದು ಲಾಭವೂ ಆಯಿತು. ಅವಳ ಮುಖದ ಒಂದೊಂದು ಗೆರೆಯೂ ನನ್ನ ಬೆರಳಿಗೆ ಬಾಯಿಪಾಠವಾಯಿತು.

ಇಷ್ಟಾದರೂ ಹುಲಿಯನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಒಂದು ರಜೆಯ ದಿನ ಬೀಗರ ಮನೆಗೆ ಹೋಗುತ್ತೇನೆಂದು ಹೇಳಿ ಅಥಣಿಯ ಬಸ್ಸು ಹತ್ತಿದೆ. ವಾಡೆಯೊಳಗೆ ಯಾವುದೋ ಶಾಲೆಯ ಮಕ್ಕಳ ಗದ್ದಲ. ಅವರ ಹಿಂದೆ, ಟೋಪಿ ಕೆಳಗೆಳೆದುಕೊಂಡು ನಿಂತೆ. ದತ್ತೋಬಾ ಹುಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವನು ಕಥೆ ಹೇಳುತ್ತಾನೆಂದು ತಿಳಿದಿದ್ದೆ. ಅವನು ಕಥೆ ಹೇಳುತ್ತಿರಲಿಲ್ಲ. ಸುಮ್ಮನೆ ಕುಳಿತಿರುತ್ತಿದ್ದ. ಮಕ್ಕಳು ತಾವೇ ಕೇಳಬೇಕು.

"ಅಜ್ಜಾ, ಕಚ್ಚತೈತೇನ?"

"ಮುಂಜಾನಿ ಕಚ್ಚೂದಿಲ್ಲ."

ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ. ನಾನಾಗಿದ್ದರೆ ಹುಲಿಯ ವಂಶಾವಳಿ ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಓಡಿಹೋಗಿರುತ್ತಿದ್ದರು. ಪರೀಕ್ಷೆಯ ಮೊದಲು ಹುಲಿಯ ಬಾಯಲ್ಲಿ ಕೈ ಹಾಕಿದವರು ಪಾಸಾಗುತ್ತಾರೆ ಎಂಬ ಒಂದು ಸುದ್ದಿಯನ್ನೂ ಯಾರೋ ಹಬ್ಬಿಸಿದ್ದರು. ಮಕ್ಕಳು ಸಾಲು ನಿಂತು ಕೈ ಹಾಕುತ್ತಿದ್ದರು. ಕೊನೆಗೆ ಅವರ ಮಾಸ್ತರರೂ ಆಚೆ ಈಚೆ ನೋಡಿ ಕೈ ಹಾಕಿದರು.

ಎಲ್ಲರೂ ಹೋದ ಮೇಲೆ ದತ್ತೋಬಾ ನನ್ನ ಕಡೆ ತಿರುಗಿ, ಮರಾಠಿಯಲ್ಲಿ ನೆಂಟರನ್ನು ಬರಮಾಡಿಕೊಳ್ಳುವ ಹಾಗೆ, "ಯಾ ಪಾವ್ಣಂ, ಯಾ. ಟೋಪಿ ಮ್ಯಾಲೆ ಮಾಡ್ರಿ ಜಿನ್ನಪ್ಪಣ್ಣಾ, ಗುರ್ತ ಸಿಕ್ಕೈತಿ. ಬರ್ರಿ, ನೀವೂ ಕೈ ಹಾಕ್ರಿ," ಎಂದ.

"ನಾವು ಜೈನರು, ಹೊಡದ ಪ್ರಾಣಿನ ಮುಟ್ಟೂದಿಲ್ಲ," ಎಂದೆ ಬಿಗುವಾಗಿ.

"ಹೊಡದಾವ್ರ ಮ್ಯಾಲೆ ಸಿಟ್ಟ ಮಾಡ್ರಿ. ಅದರ ಮ್ಯಾಲ್ಯಾಕ ಮಾಡ್ತೀರಿ? ಪಾಪ, ಅದು ಹೊಡಿಸಿಗೊಂಡದ್ದು."

ಅವನು ಚಹಾ ತರಿಸಿದ. ಚಹಾ ಚೆನ್ನಾಗಿತ್ತು, ಅದನ್ನೂ ನನಗೆ ಸಹಿಸಲಾಗಲಿಲ್ಲ.

ಕೆಲವು ವರ್ಷ ಹೀಗೇ ಹೋದವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕೆಲಸದಲ್ಲಿ ಬಹಳ ಬದಲಾಯಿತು. ಕೈಯಿಂದ ಬರೆದು ಅಂಟಿಸುತ್ತಿದ್ದ ಚೀಟಿಗಳ ಜಾಗಕ್ಕೆ ಬಣ್ಣದ ಫಲಕ ಬಂದವು, ಚಿಮಣಿಯ ಜಾಗಕ್ಕೆ ಟ್ಯೂಬ್‌ಲೈಟ್ ಬಂತು. ನಮ್ಮಲ್ಲಿ ಬರುವವರು ಮಾತ್ರ ಹೆಚ್ಚಲಿಲ್ಲ. ಸಾಹೇಬರು ಪ್ರತಿ ಸಭೆಯಲ್ಲಿ ಉಗ್ರಾಣದ ಮಾತು ತೆಗೆಯುತ್ತಿದ್ದರು.

ಒಂದು ಬೇಸಿಗೆ ಮಧ್ಯಾಹ್ನ ನೋಡುತ್ತೇನೆ, ದತ್ತೋಬಾ ನಮ್ಮ ದೇವಡಿಯ ಕಟ್ಟೆಯ ಮೇಲೆ ಕುಳಿತಿದ್ದಾನೆ. ಮುಖದಲ್ಲಿ ನಗೆ ಇಲ್ಲ. ಅದನ್ನು ನೋಡಿ ಯಾರಾದರೂ ತೀರಿಕೊಂಡರೇ ಎಂದುಕೊಂಡೆ.

"ಜಿನ್ನಪ್ಪಣ್ಣಾ, ಹುಲಿಗಿ ನುಸಿ ಹತ್ತೈತಿ. ಹೊಟ್ಟಿ ಕಡೆ ಕೂದಲಾ ಉದರಾಕತ್ತಾವ. ಕಿವಿ ಒಂದು ಜೋತಬಿದ್ದೈತಿ. ಡಾಂಬರ ಗೋಳಿ ಇಟ್ಟು ನೋಡಿದೆ, ಏನೂ ಆಗವಲ್ದು. ಇನ್ನೊಂದ ಮಳಿಗಾಲ ತಡ್ಯೂದಿಲ್ಲ ಅದು."

ನನಗೆ ಏನನಿಸಿತು ಎಂಬುದನ್ನು ಇದ್ದ ಹಾಗೇ ಬರೆಯುತ್ತೇನೆ. ಹೋಗಲಿ ಬಿಡು, ಅನಿಸಿತು. ಹುಲಿ ಉದುರಿ ಹೋದರೆ ಅಥಣಿಯಲ್ಲಿ ಉಳಿಯುವುದೇನು? ಎರಡು ಪಲ್ಲಕ್ಕಿ, ಒಂದು ಹಳೆಯ ಗಡಿಯಾರ. ಮುಲ್ಲಾ ಡ್ರೈವರನ ಬಸ್ಸು ತಾನಾಗಿ ನಿಪ್ಪಾಣಿಯ ದಾರಿ ಹಿಡಿಯುತ್ತದೆ. ನನ್ನ ಕಲ್ಲು ಬೆಳಕಿನಲ್ಲಿ ಉಳಿಯುತ್ತದೆ. ಇದೆಲ್ಲ ಒಂದೇ ಉಸಿರಿನಲ್ಲಿ ಒಳಗೆ ಓಡಿತು. ಆಗಲೇ ದತ್ತೋಬಾ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹುಲಿಯ ಕೂದಲಿದ್ದವು, ಹಳದಿ ಕೂದಲು. ದಿನಾಲೂ ಮೈ ಒರೆಸುವವನ ಕೈ. ಎಣ್ಣೆ ತೆಗೆಯುವಾಗ ನನ್ನ ಉಗುರಿನ ಸಂದಿಯಲ್ಲೂ ಹೀಗೇ ಕಲ್ಲಿನ ಕರಿ ಕೂತಿರುತ್ತಿತ್ತು.

ನಿಪ್ಪಾಣಿಯಲ್ಲಿ ರೇಷ್ಮೆ ಸೀರೆಯ ಪೆಟ್ಟಿಗೆಗೆ ನಾವು ಡಾಂಬರ ಗೋಳಿ, ಅಂದರೆ ನುಸಿ ಗುಳಿಗೆ, ಹಾಕುವುದಿಲ್ಲ, ತಂಬಾಕಿನ ಧೂಳನ್ನು ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ಯಾವ ನುಸಿಯೂ ಹತ್ತಿರ ಬರುವುದಿಲ್ಲ. ಊರಿನ ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದು. ಅಥಣಿಯವನಿಗೆ ಗೊತ್ತಿರಲಿಲ್ಲ, ಅಲ್ಲಿ ತಂಬಾಕು ಇಲ್ಲ. ಪಕ್ಕದ ಗೋದಾಮಿಗೆ ಹೋಗಿ, ಜರಡಿಯ ಕೆಳಗೆ ಬಿದ್ದ ಧೂಳನ್ನು ಒಂದು ಗಂಟು ತುಂಬ ಕಟ್ಟಿಸಿಕೊಂಡು ಬಂದೆ.

"ಹೊಟ್ಟಿ ಹೊಲಿಗಿ ಬಿಚ್ಚಿ ಇದನ್ನ ತುಂಬಿ ಮತ್ತ ಹೊಲಿ. ಕಿವಿಯೊಳಗೂ ಸ್ವಲ್ಪ ಹಾಕು. ಮುಖ ಕಟಗೊಂಡ ಮಾಡು, ಇಲ್ಲಂದ್ರ ನೀನ ಉರುಳತಿ."

ಅವನು ಗಂಟನ್ನು ಎದೆಗೆ ಒತ್ತಿಕೊಂಡು, ಸೀನುತ್ತ ಸೀನುತ್ತ ಬಸ್ಸು ಹತ್ತಿದ. ಮನೆಯಲ್ಲಿ ಹೇಳಿದಾಗ ಪದ್ಮಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಇಷ್ಟ ವರ್ಷ ಅದರ ಮ್ಯಾಲೆ ಹೊಟ್ಟಿ ಉರಕೊಂಡ್ರಿ. ಈಗ ನೀವ ಔಷಧ ಕೊಟ್ಟ ಕಳಿಸಿದ್ರಿ?"

"ನುಸಿ ತಿಂದ ಹೋಗಬಾರದು."

"ಮತ್ತ ಹ್ಯಾಂಗ ಹೋಗಬೇಕು?"

"ನನ್ನ ಕಲ್ಲಿನ ಮುಂದ ಸೋತ ಹೋಗಬೇಕು," ಎಂದೆ. ಅವಳು ನಗುವ ಭರದಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿಸಿಬಿಟ್ಟಳು.

ಹುಲಿ ಸೋಲಲಿಲ್ಲ. ತಂಬಾಕು ತುಂಬಿಸಿಕೊಂಡು ಮೊದಲಿಗಿಂತ ಗಟ್ಟಿಯಾಯಿತು. ಅಥಣಿಗೆ ಹೋಗಿ ಬಂದವರು, "ಹುಲಿ ವಾಸನಿ ಅಂದ್ರ ಏನ್ರಿ, ಮೂಗಿಗಿ ಹೊಡೀತೈತಿ, ಸಾಕ್ಷಾತ್ ಕಾಡಿನ ವಾಸನಿ," ಎಂದು ನನ್ನ ಮುಂದೆಯೇ ಹೊಗಳುತ್ತಿದ್ದರು. ಅದು ನಮ್ಮ ಗೋದಾಮಿನ ವಾಸನೆ ಎಂದು ನಾನು ಯಾರಿಗೆ ಹೇಳಲಿ?

ತೊಂಬತ್ತರ ದಶಕದ ನಡುವೆ ಇನಾಮದಾರರ ಮಕ್ಕಳು ಅಥಣಿಯ ವಾಡೆಯನ್ನು ಮಾರಿದರು. ಕೊಂಡವರು ನಮ್ಮವರೇ, ಜೈನ ವ್ಯಾಪಾರಿ ಮನೆತನ. ವಾಡೆಯಲ್ಲಿ ಸಂಸಾರ ಹೂಡಲು ಬಂದ ಅವರ ಹಿರಿಯ ಅಜ್ಜಿ ಬಾಗಿಲಲ್ಲೇ ನಿಂತು, ಹೊಡೆದು ನಿಲ್ಲಿಸಿದ ಆ ಜೀವ ಒಳಗಿರುವ ತನಕ ತಾನು ಹೊಸ್ತಿಲು ದಾಟುವುದಿಲ್ಲ, ನೀರೂ ಮುಟ್ಟುವುದಿಲ್ಲ ಎಂದರಂತೆ. ಮಂಡಳಿಗೆ ಬೇರೆ ಜಾಗವಿರಲಿಲ್ಲ. ಮುಚ್ಚಿದ್ದು ನನ್ನ ಮನೆಯಲ್ಲ, ಅಥಣಿಯದು. ಸಾಹೇಬರ ಚೀಟಿ ಬಂತು: ಹುಲಿಯೂ ದತ್ತೋಬಾನೂ ನಿಪ್ಪಾಣಿಗೆ.

ಅರಣ್ಯ ಕಚೇರಿಯ ಪರವಾನಗಿ ಪಡೆದು, ಟೆಂಪೋದಲ್ಲಿ ಹುಲಿ ಹೊರಟಿತು. ಕಂಬಳಿ ಹೊದಿಸಿದ್ದರು, ಬಾಲ ಮಾತ್ರ ಹೊರಗೆ. ಚಿಕ್ಕೋಡಿಯ ಬಸ್ ನಿಲ್ದಾಣದ ಮುಂದೆ ಟೆಂಪೋ ನಿಂತಾಗ ಯಾರೋ ಬಾಲ ಕಂಡರು. ಅರ್ಧ ಊರು ಸೇರಿತು. ಪೊಲೀಸನೊಬ್ಬ ಬಂದು, "ಒಳಗ ಏನೈತಿ?" ಎಂದ. ಹಿಂದೆ ಕಂಬಳಿಯ ಪಕ್ಕ ಕುಳಿತಿದ್ದ ದತ್ತೋಬಾ, "ವರ್ಗಾ ಆಗೈತ್ರಿ ಸಾಹೇಬ್ರ, ಇಬ್ಬರಿಗೂ," ಎಂದನಂತೆ.

ಸಂಜೆ ನಮ್ಮ ಚೌಕದಲ್ಲಿ ಕಂಬಳಿ ತೆಗೆದಾಗ ತಂಬಾಕಿನ ಘಾಟು ಬಂತು. ನಾನು ಸೀನಿದೆ, ದತ್ತೋಬಾ ಸೀನಿದ. ಇಷ್ಟು ವರ್ಷ ನಾನು ಕರುಬಿದ್ದು ಈಗ ನನ್ನ ಮನೆಯೊಳಗೇ ಬಂದು ನಿಂತಿತು. ಉಗ್ರಾಣದ ಭಯ ಹೋಯಿತು, ಕಲ್ಲು ಉಳಿಯಿತು ಎಂದು ನಿರಾಳವಾಗಬೇಕಿತ್ತು. ಆಗಲಿಲ್ಲ. ಹೇಗೆ ಆದೀತು? ಸಾಹೇಬರು ಹುಲಿಯನ್ನು ದೇವಡಿಯಲ್ಲಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಲು ಹೇಳಿದರು. ಬಸ್ಸಿನ ಮೇಲೆ ಬಸ್ಸು ಬಂದವು. ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಡೆಯಿಂದಲೂ ಬಂದವು. ಬಂದವರು ದೇವಡಿಯಲ್ಲಿ ಹುಲಿ ನೋಡಿ, ಬಾಯಲ್ಲಿ ಕೈ ಹಾಕಿ, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಮೊದಲು ಕತ್ತಿಯನ್ನಾದರೂ ನೋಡುತ್ತಿದ್ದರು, ಈಗ ಚೌಕಕ್ಕೂ ಕಾಲಿಡುವುದಿಲ್ಲ. ಮೊದಲು ಹುಲಿ ಐವತ್ತು ಮೈಲಿ ದೂರ ಇತ್ತು. ಈಗ ದಿನಾ ಬೆಳಿಗ್ಗೆ ನಾನೇ ಅದರ ಬಾಗಿಲು ತೆಗೆಯಬೇಕು. ದತ್ತೋಬಾನ ಕುರ್ಚಿಯೂ ಬಂದಿತ್ತು. "ಮುಂಜಾನಿ ಕಚ್ಚೂದಿಲ್ಲ" ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ಸವೆಯಿತು.

ಒಮ್ಮೆ ತಡೆಯದೆ ಅವನ ಮೇಲೆ ಹರಿಹಾಯ್ದೆ. "ನೀನು ನಿನ್ನ ಹುಲಿ ಸುಖದಿಂದ ಇರ್ರಿ. ಒಳಗ ಒಬ್ಬಾಕಿ ಎಂಟ್ನೂರು ವರ್ಷದಿಂದ ಕುಂತಾಳ. ಯಾರರೆ ಒಬ್ಬಾವ ಆಕಿ ಮಾರಿ ನೋಡ್ಯಾನೇನ?"

ದತ್ತೋಬಾ ಎದ್ದು ಕಲ್ಲಿನ ಕೋಣೆಗೆ ಹೋದ. ಬಹಳ ಹೊತ್ತು ಬರಲಿಲ್ಲ.

ಆ ಮಳೆಗಾಲ ದೇವಡಿಯ ಮಾಳಿಗೆ ಸೋರಿತು. ಹುಲಿಯನ್ನು ಒಳಗೆ ಸಾಗಿಸಲೇಬೇಕಾಯಿತು. ಒಣಗಿದ್ದ ಕೋಣೆ ಒಂದೇ, ಕಲ್ಲುಗಳದ್ದು. ನಾನು ಅಡ್ಡ ನಿಂತೆ. ವ್ರತ ಹಿಡಿದು ಕುಳಿತ ತಾಯಿಯ ಕೋಣೆಯಲ್ಲಿ ಬೇಟೆಯ ಹುಲಿಯೇ ಎಂದೆ. ಅದು ಧರ್ಮದ ಮಾತಾಗಿತ್ತು, ಅದರ ಕೆಳಗೆ ಹೊಟ್ಟೆಕಿಚ್ಚೂ ಇತ್ತು. ಎಷ್ಟು ಯಾವುದು ಎಂದು ನನಗೇ ಬೇರೆ ಮಾಡಲು ಬರಲಿಲ್ಲ. ದತ್ತೋಬಾ ನನ್ನನ್ನು ಪಕ್ಕಕ್ಕೆ ಸರಿಸಿ, ಇಬ್ಬರು ಹಮಾಲರ ಕೈಯಿಂದ ಹುಲಿಯನ್ನು ಒಳಗೆ ತರಿಸಿದ. ನಿಲ್ಲಿಸುವಾಗ ಬಾಗಿಲಿಗೆ ಬೆನ್ನು ಮಾಡಿಸಿದ. ಸ್ವಲ್ಪ ಎಡಕ್ಕೆ ಎಂದ, ಇನ್ನೂ ಸ್ವಲ್ಪ ಎಂದ. ತಾನು ನೆಲದ ಮೇಲೆ ಕುಳಿತು ಹುಲಿಯ ಗಾಜಿನ ಕಣ್ಣಿನಿಂದ ದಾರ ಹಿಡಿದು ನೋಡಿದ. ಹುಲಿ ನೆಟ್ಟಗೆ ನನ್ನ ಕಲ್ಲನ್ನು ನೋಡುತ್ತ ನಿಂತಿತ್ತು.

"ಇದ್ಯಾನ ಮಾಡಿದಿ? ಬಂದಾವ್ರಿಗೆ ಬಾಲಾ ಕಾಣತೈತಿ," ಎಂದೆ.

"ಕಾಣಲಿ. ಮಾರಿ ನೋಡಬೇಕಂದ್ರ ಸುತ್ತ ಹಾಕಿ ಮುಂದ ಬರ್ತಾರ. ಹುಲಿ ಬಾಗಲಾ ನೋಡಿದ್ರ ಮಂದಿ ಹುಲಿನ ನೋಡ್ತಾರ. ಹುಲಿ ಏನರೆ ನೋಡಾಕತ್ತಿದ್ರ, ಅದು ಏನಂತ ಮಂದಿನೂ ನೋಡ್ತಾರ."

ಮೊದಲು ಬಂದ ಶಾಲೆ ರಾಯಬಾಗದ್ದು. ಮಕ್ಕಳು ಸುತ್ತು ಹಾಕಿ ಹುಲಿಯ ಮುಂದೆ ಬಂದರು, ಬಾಯಲ್ಲಿ ಕೈ ಹಾಕಿದರು. ಆಮೇಲೆ ಒಬ್ಬಳು, "ಅಜ್ಜಾ, ಹುಲಿ ಏನ ನೋಡಾಕತ್ತೈತಿ?" ಎಂದಳು. ದತ್ತೋಬಾ ತನ್ನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ. ಕೈ ಎತ್ತಿ ನನ್ನ ಕಡೆ ತೋರಿಸಿದ. ಮಕ್ಕಳೆಲ್ಲ ಒಟ್ಟಿಗೆ ತಿರುಗಿದರು. ಕಲ್ಲಿನ ಪಕ್ಕದಲ್ಲಿ ನಾನಿದ್ದೆ. ಅಜ್ಜನ ಕನ್ನಡವೆಲ್ಲ ಮರೆತು ಹೋಯಿತು. ಆಮೇಲೆ ಹೇಳತೊಡಗಿದೆ. ಯಾರೂ ಓಡಲಿಲ್ಲ.

ಅಂದಿನಿಂದ ನಮ್ಮ ಕೋಣೆ ತುಂಬತೊಡಗಿತು. ಹೊಟ್ಟೆಕಿಚ್ಚು ಹೋಯಿತೇ? ಅದು ಬೇರೆ ಕಡೆ ಹೋಗಿ ಕುಳಿತಿತು. ಆ ಕೋಣೆಯಲ್ಲಿ ಅಷ್ಟು ವರ್ಷ ಕಳೆದವನು ನಾನು, ಕಲ್ಲಿನ ಒಂದೊಂದು ಗೆರೆ ಬಲ್ಲವನು ನಾನು. ಹುಲಿಯನ್ನು ತಿರುಗಿಸಿದರೆ ಸಾಕೆಂದು ಹೊಳೆದದ್ದು ಅವನಿಗೆ. ಈಗಲೂ ನೆನೆದರೆ ಮಜ್ಜಿಗೆ ಬೇಕಾಗುತ್ತದೆ.

ದತ್ತೋಬಾ ನನಗಿಂತ ಮೊದಲು ನಿವೃತ್ತನಾಗಿ ಅಥಣಿಗೆ ಹೋದ. ಹೋಗುವ ದಿನ ಹುಲಿಯ ಕಿವಿಯಲ್ಲಿ ಏನೋ ಹೇಳಿದ. ನನಗೆ, "ಮಳಿಗಾಲಕ್ಕ ತಂಬಾಕ ಬದಲಿ ಮಾಡು," ಎಂದ. ಅವನು ಹೋದ ಮೇಲೆ ಎರಡೂ ನನ್ನ ಪಾಲಿಗೆ ಬಂದವು. ಹುಲಿಯ ಮೈ ಒರೆಸುವಾಗ ನನ್ನ ಉಗುರಿನಲ್ಲೂ ಹಳದಿ ಕೂದಲು ಸಿಕ್ಕವು.

ನನ್ನ ನೌಕರಿಯ ಕೊನೆಯ ಚಳಿಗಾಲದಲ್ಲಿ ಮುಲ್ಲಾ ಡ್ರೈವರ್ ಕಾಗವಾಡದ ಒಂದು ಶಾಲೆಯನ್ನು ಕರೆದುಕೊಂಡು ಬಂದ. ಮೀಸೆ ಬೆಳ್ಳಗಾಗಿತ್ತು. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಸೀಟಿನಿಂದ ಇಳಿದು ಒಳಗೆ ಬಂದಿರಲಿಲ್ಲ. ಅಂದು ನೀರು ಕುಡಿಯಲೆಂದು ಬಂದವನು, ಮಕ್ಕಳು ಹೊರಗೆ ಹೋದ ಮೇಲೆ ಕೋಣೆಗೆ ಇಣುಕಿದ. ಹುಲಿಯ ಸುತ್ತ ಒಂದು ಸುತ್ತು ಹಾಕಿದ. ಅದರ ಮುಖದ ಪಕ್ಕ ನಿಂತು, ಅದು ನೋಡುತ್ತಿದ್ದ ಕಡೆ ನೋಡಿದ. ಟವೆಲ್ಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾಹೇಬ್ರ, ಈ ತಾಯಿಗೆ ಅಂಜಿಕಿ ಇಲ್ಲೇನ್ರಿ?" ಎಂದ. "ಇಷ್ಟ ದೊಡ್ಡ ಹುಲಿ ಬಾಯಿ ತಕ್ಕೊಂಡ ಮುಂದ ನಿಂತೈತಿ. ಈಕಿ ಕಣ್ಣ ಸೈತ ತೆರದಿಲ್ಲ ನೋಡ್ರಿ."

ನಾನು ಆ ಕಲ್ಲಿನ ಬಗ್ಗೆ ಎಷ್ಟು ಜನಕ್ಕೆ ಎಷ್ಟು ಮಾತು ಹೇಳಿದ್ದೆನೋ. ಸಲ್ಲೇಖನವೆಂದರೇನು, ಗುರು ಯಾರು, ಪೀಠ ಯಾವುದು. ಆ ಮಾತುಗಳ ನಡುವೆ ಇದೊಂದು ನನಗೆ ಕಂಡಿರಲಿಲ್ಲ. ಕಲ್ಲು ನಮ್ಮ ಹೊಲದಲ್ಲೂ ಇದೆ ಎಂದವನಿಗೆ ಕಂಡಿತು.

"ಇಲ್ಲಪಾ, ಆಕಿಗೆ ಅಂಜಿಕಿ ಇಲ್ಲ," ಎಂದೆ.

ಅವನು ಬಸ್ಸು ಬಿಡುವುದನ್ನು ಮರೆತು ಅಲ್ಲೇ ನಿಂತಿದ್ದ. ಹೊರಗೆ ಮಕ್ಕಳು ಹಾರ್ನ್ ಒತ್ತತೊಡಗಿದರು.

ಮುಂದಿನ ರಜೆಗೆ ನಾನು ಅಥಣಿಯ ಬಸ್ಸು ಹತ್ತಿದೆ. ಈ ಸಲ ಬೀಗರ ಮನೆಯ ನೆಪ ಹೇಳಲಿಲ್ಲ. ದಾರಿಯುದ್ದಕ್ಕೂ ಯೋಚನೆ: ಇದನ್ನು ಅವನಿಗೆ ಹೇಳುವುದೋ, ನನ್ನಲ್ಲೇ ಇಟ್ಟುಕೊಳ್ಳುವುದೋ. ಅಷ್ಟು ವರ್ಷಕ್ಕೆ ಒಂದು ಒಳ್ಳೆಯ ಮಾತು ನನ್ನ ಪಾಲಿಗೆ ಬಂದಿದೆ, ಇದನ್ನೂ ಅವನ ಜೊತೆ ಹಂಚಿಕೊಳ್ಳಬೇಕೇ. ಚಿಕ್ಕೋಡಿಯಲ್ಲಿ ಇಳಿದು ಚಹಾ ಕುಡಿದೆ. ತಿರುಗಿ ಹೋಗುವ ಬಸ್ಸೂ ಎದುರಿಗೇ ನಿಂತಿತ್ತು. ಅದನ್ನು ಹತ್ತದೆ ಹೋಗಲು ಬಿಟ್ಟೆ.

ದತ್ತೋಬಾ ತನ್ನ ಮನೆಯ ಮುಂದೆ ಅದೇ ಕುರ್ಚಿಯಲ್ಲಿ ಕುಳಿತಿದ್ದ. ಕುಶಲ ಕೇಳಿದ, ಹುಲಿಯ ಕಿವಿ ಹೇಗಿದೆ ಎಂದ. ನಾನು ಮುಲ್ಲಾ ಡ್ರೈವರನ ಮಾತನ್ನು ಅಕ್ಷರ ಬಿಡದೆ ಹೇಳಿದೆ.

ಅವನು ನೆಲ ನೋಡುತ್ತ, "ಇಷ್ಟ ವರ್ಷ ನಾ ಅದರ ಬಾಜೂಕ ಕುಂತೆ," ಎಂದ. "ನನಗ ಯಾರೂ ಇಂಥಾ ಮಾತ ಆಡಿಲ್ಲ. ಕಚ್ಚತೈತೇನು ಅಂತ ಕೇಳಿದ್ರು, ಅಷ್ಟ. ನೀನು ಬಾಳ ನಸೀಬವಾನ ಜಿನ್ನಪ್ಪಣ್ಣಾ."

ಸದಾ ನಗುವ ಆ ಮುಖದಲ್ಲಿ ನಾನು ಮೊದಲ ಸಲ ಅದನ್ನು ಕಂಡೆ. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದೆ.

ಅಂದು ಅವನ ಮನೆಯಲ್ಲಿ ಊಟಕ್ಕೆ ಕುಳಿತೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. ಅವನ ಹೆಂಡತಿ ಮಜ್ಜಿಗೆ ತಂದರು. ನಾನು ಲೋಟವನ್ನು ದತ್ತೋಬಾನ ಕಡೆ ಸರಿಸಿದೆ.

"ನೀ ಕುಡಿ," ಎಂದೆ. "ಹೊಟ್ಟಿ ತಣ್ಣಗಾಕೈತಿ."